ಋಣವೋ, ದಾನವೋ?
(ಇಟಲಿಯ ಸ್ತ್ರೀಯರ ಕಾಲ್ಚೆಂಡಿನ ವಿಚಾರ)

ಸಾಲಗಾರನೊಬ್ಬನು ತಾನು ತೀರಿಸುವ ಸಾಲವನ್ನು ದಾನವೆಂದು ಸಾರಿಕೊಂಡು ತಿರುಗಿದರೆ ಲೋಕವು ನಗುವುದು. ಆದರೆ ಸಾಲಗಾರನು ದೊಡ್ಡ ಮನುಷ್ಯನಾಗಿದ್ದು, ಸಾಲ ಕೊಟ್ಟವಳು ಹೆಣ್ಣಾಗಿದ್ದರೆ ಅದೇ ಲೋಕವು ಚಪ್ಪಾಳೆ ತಟ್ಟುವುದು. ಇಟಲಿ ದೇಶದಲ್ಲಿ ಸ್ತ್ರೀಯರ ಕಾಲ್ಚೆಂಡಿನ ಆಟದ ವಿಷಯದಲ್ಲಿ ಈಚೆಗೆ ಕೇಳಿಬರುತ್ತಿರುವುದು ಇಂಥ ಚಪ್ಪಾಳೆಯೇ.

2025ನೆಯ ಇಸವಿ ಮೇ ತಿಂಗಳು 17ನೆಯ ದಿನ ಕೋಮೋ ಪಟ್ಟಣದ ಮೈದಾನದಲ್ಲಿ ಜುವೆಂಟಸ್ ಸಂಘದ ಸ್ತ್ರೀಯರು ರೋಮಾ ಸಂಘದವರನ್ನು ನಾಲ್ಕು ಗೋಲುಗಳಿಂದ ಸೋಲಿಸಿ 'ಕೊಪ್ಪಾ ಇಟಾಲಿಯಾ' ಎಂಬ ರಾಷ್ಟ್ರೀಯ ಪಾರಿತೋಷಕವನ್ನು ಪಡೆದರು. ಎದುರಾಳಿಗಳಿಗೆ ಒಂದು ಗೋಲೂ ದೊರೆಯಲಿಲ್ಲ. ಆ ದಿನದ ವೈಭವವನ್ನು ಮಾತ್ರ ಕಂಡ ಎಳೆಯರಿಗೆ ಈ ಆಟವು ಮೊನ್ನೆ ಮೊನ್ನೆ ಹುಟ್ಟಿದ್ದೆಂದೂ, ದೊಡ್ಡ ಸಂಘಗಳ ಔದಾರ್ಯವೇ ಅದರ ತಾಯಿತಂದೆಯೆಂದೂ ತೋರಿದರೆ ಅದರಲ್ಲಿ ಅವರ ತಪ್ಪಿಲ್ಲ. ಹಾಗೆ ತೋರುವಂತೆ ಮಾತನಾಡುವ ಹಿರಿಯರದೇ ತಪ್ಪು. ಆ ಹಿರಿಯರ ವಾದವನ್ನು ವಿಂಗಡಿಸಿದರೆ ನಾಲ್ಕು ಆಕ್ಷೇಪಗಳು ದೊರೆಯುತ್ತವೆ. ಸ್ತ್ರೀಯರ ಆಟಕ್ಕೆ ಪರಂಪರೆಯಿಲ್ಲವೆಂಬುದು ಮೊದಲನೆಯದು. ಆಟವು ಪುರುಷರಿಗಾಗಿಯೇ ವಿಹಿತವಾದುದೆಂಬುದು ಎರಡನೆಯದು. ಅದರಲ್ಲಿ ದ್ರವ್ಯವಿಲ್ಲವಾದ್ದರಿಂದ ಹಕ್ಕೂ ಇಲ್ಲವೆಂಬುದು ಮೂರನೆಯದು. ಇಂದು ಅದಕ್ಕೆ ದೊರೆತಿರುವುದೆಲ್ಲವೂ ದೊಡ್ಡವರು ಕೊಟ್ಟ ದಾನವೆಂಬುದು ನಾಲ್ಕನೆಯದು. ಇವುಗಳನ್ನು ಒಂದೊಂದಾಗಿ ಪರಿಶೀಲಿಸತಕ್ಕದ್ದು.

ಮೊದಲು ಪರಂಪರೆಯ ಮಾತು. ಇಟಲಿಯವರು ಈ ಆಟವನ್ನು ಫುಟ್ಬಾಲ್ ಎನ್ನುವುದಿಲ್ಲ, 'ಕಾಲ್ಚೊ' ಎನ್ನುತ್ತಾರೆ. ಒದೆತವೆಂಬುದು ಆ ಶಬ್ದದ ಅರ್ಥ. ಫ್ಲಾರೆನ್ಸ್ ನಗರದ ಒಂದು ಹಳೆಯ ಆಟಕ್ಕೆ ಇದ್ದ ಹೆಸರದು. 1530ನೆಯ ಇಸವಿ ಫೆಬ್ರವರಿಯಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಸೈನ್ಯವು ಆ ನಗರಕ್ಕೆ ಮುತ್ತಿಗೆ ಹಾಕಿದ್ದಾಗ, ಶತ್ರುವಿಗೆ ತಾವು ಹೆದರಿಲ್ಲವೆಂದು ತೋರಿಸಲು ಪೌರರು ಸಾಂತಾ ಕ್ರೋಚೆ ಚೌಕದಲ್ಲಿ ಈ ಆಟವನ್ನಾಡಿದರೆಂಬುದು ಅಲ್ಲಿಯ ಹೆಮ್ಮೆಯ ಕಥೆ. 1580ರಲ್ಲಿ ಜೊವಾನ್ನಿ ದೆ ಬಾರ್ದಿ ಎಂಬ ಪಂಡಿತನು ಅದರ ಲಕ್ಷಣವನ್ನು ಕುರಿತು ಒಂದು ಪ್ರಬಂಧವನ್ನೇ ರಚಿಸಿದನು. ಆದರೆ ಇಂದು ಇಟಲಿಯಲ್ಲಿ ಆಡುತ್ತಿರುವ ಆಟವು ಅದಲ್ಲ. ಇದು ಆಂಗ್ಲ ವರ್ತಕರು ತಂದ ಆಟ. 1893ರಲ್ಲಿ ಜಿನೋವಾ ಬಂದರಿನಲ್ಲಿ ಆಂಗ್ಲರೇ ಸ್ಥಾಪಿಸಿದ ಸಂಘದಿಂದ ಅದು ಬೇರೂರಿತು. ಹೀಗಿದ್ದರೂ 1909ರಲ್ಲಿ ಇಟಲಿಯ ಆಟದ ಮಹಾಮಂಡಲವು ತನ್ನ ಹೆಸರಿನಿಂದ ಪರಭಾಷೆಯ ಶಬ್ದವನ್ನು ಕಿತ್ತು 'ಕಾಲ್ಚೊ' ಶಬ್ದವನ್ನು ಧರಿಸಿಕೊಂಡಿತು. ಹೊರಗಿನಿಂದ ಬಂದದ್ದು ಹದಿನಾರೇ ವರ್ಷಗಳಲ್ಲಿ ಪಿತ್ರಾರ್ಜಿತವಾಯಿತು! ಇದನ್ನು ಯಾರೂ ದೂಷಿಸಬೇಕಾಗಿಲ್ಲ. ಪ್ರೀತಿಯಿಂದ ಸ್ವೀಕರಿಸಿದ್ದು ಸ್ವಂತವೇ ಆಗುವುದು. ಆದರೆ ಪುರುಷರಿಗೆ ಪರಂಪರೆಯಾಗಲು ಹದಿನಾರು ವರ್ಷಗಳು ಸಾಕಾದರೆ, ಸ್ತ್ರೀಯರಿಗೆ ತೊಂಬತ್ತೆರಡು ವರ್ಷಗಳು ಏಕೆ ಸಾಲವು?

ತೊಂಬತ್ತೆರಡರ ಲೆಕ್ಕ ಹೇಗೆಂದರೆ, 1933ನೆಯ ಇಸವಿಯಲ್ಲಿ ಮಿಲಾನ್ ನಗರದ ಕೆಲವು ಯುವತಿಯರು ತಮ್ಮದೇ ಆದ ಕಾಲ್ಚೆಂಡಿನ ಸಂಘವೊಂದನ್ನು ಕಟ್ಟಿದರು. ಲೋಕಾಪವಾದಕ್ಕೆ ಅಂಜಿ ಅವರು ಲಂಗವನ್ನುಟ್ಟೇ ಓಡಿದರು. ಚೆಂಡಿನ ಪೆಟ್ಟಿನಿಂದ ತಾಯ್ತನಕ್ಕೆ ಕುಂದು ಬಂದೀತೆಂಬ ಭೀತಿಯಿದ್ದುದರಿಂದ ಗೋಲಿನ ಕಾವಲಿಗೆ ಹುಡುಗರನ್ನು ನಿಲ್ಲಿಸಿಕೊಂಡರು. ಆ ಕಾಲದ ಫ್ಯಾಸಿಸ್ಟ್ ಸರಕಾರದ ಕ್ರೀಡಾಧಿಕಾರಿಗಳು ಮೊದಲು ಜನರ ಕಣ್ಣಿಗೆ ಬೀಳದಂತೆ ಆಡಿಕೊಳ್ಳಿರೆಂದರು. ಅಧಿಕಾರವು ಅಕಿಲ್ಲೆ ಸ್ತರಾಚೆ ಎಂಬವನ ಕೈಗೆ ಬಂದ ಮೇಲೆ ಅದೂ ಕೂಡದೆಂದರು. ಓಟ, ಬುಟ್ಟಿಚೆಂಡು ಮೊದಲಾದ ಬೇರೆ ಆಟಗಳಿಗೆ ಆ ಯುವತಿಯರನ್ನು ಅಟ್ಟಲಾಯಿತು. ಅವರಲ್ಲೊಬ್ಬಳಾದ ರೊಸೆತ್ತಾ ಬೊಕ್ಕಾಲಿನಿ ಬುಟ್ಟಿಚೆಂಡಿನಲ್ಲಿ ರಾಷ್ಟ್ರದ ತಂಡಕ್ಕೇ ಸೇರಿದಳೆಂದ ಮೇಲೆ ಕುಂದು ಅವರ ಕಾಲಿನಲ್ಲಿರಲಿಲ್ಲವೆಂಬುದು ಸ್ಪಷ್ಟ. ಮರುವರ್ಷ, 1934ರಲ್ಲಿ, ಅದೇ ಸರಕಾರವು ಪುರುಷರ ವಿಶ್ವಸ್ಪರ್ಧೆಯನ್ನು ತನ್ನ ದೇಶದಲ್ಲಿ ಮೆರೆಸಿ, ಗೆದ್ದು, ರಾಷ್ಟ್ರದ ಪೌರುಷವನ್ನು ಜಗತ್ತಿಗೆ ಸಾರಿತು. ಬೀಜವನ್ನು ಹುರಿದು ಬಿತ್ತಿದವನು ಬೆಳೆ ಬರಲಿಲ್ಲವೆಂದು ಭೂಮಿಯನ್ನು ದೂಷಿಸುವುದು ಯಾವ ನ್ಯಾಯ?

ಹುರಿದರೂ ಮೊಳೆತದ್ದೇ ಆಶ್ಚರ್ಯ. 1968ರಲ್ಲಿ ವಿಯರೆಜ್ಜೊ ಎಂಬ ಕಡಲತಡಿಯ ಊರಿನಲ್ಲಿ ಸ್ತ್ರೀಯರ ಕಾಲ್ಚೆಂಡಿನ ಮಹಾಮಂಡಲವು ಹುಟ್ಟಿತು. ಪುರುಷರ ಮಂಡಲದಿಂದ ಅದಕ್ಕೆ ಆಶ್ರಯವಿರಲಿಲ್ಲ. 1969ರಲ್ಲಿ ಇಟಲಿಯ ಸ್ತ್ರೀಯರು ಟ್ಯೂರಿನ್ ನಗರದಲ್ಲಿ ಡೆನ್ಮಾರ್ಕಿನವರನ್ನು ಸೋಲಿಸಿ ಯುರೋಪಿನ ನಾಲ್ಕು ರಾಷ್ಟ್ರಗಳ ಸ್ಪರ್ಧೆಯನ್ನು ಗೆದ್ದರು. 1970ರಲ್ಲಿ ಇಟಲಿಯೇ ಸ್ತ್ರೀಯರ ವಿಶ್ವಸ್ಪರ್ಧೆಯೊಂದನ್ನು ನಡೆಸಿತು. 1971ರಲ್ಲಿ ಮೆಕ್ಸಿಕೋ ದೇಶದಲ್ಲಿ ನಡೆದ ಮುಂದಿನ ಸ್ಪರ್ಧೆಯ ಅಂತಿಮ ಪಂದ್ಯವನ್ನು ನೋಡಲು ಲಕ್ಷ ಜನ ನೆರೆದರು. ಇಟಲಿಯ ಸ್ತ್ರೀಯರು ಅಲ್ಲಿ ಮೂರನೆಯ ಸ್ಥಾನವನ್ನು ಪಡೆದರು. ಜಗತ್ತಿನ ಕಾಲ್ಚೆಂಡಿನ ಪ್ರಭುಗಳಾದ ಫಿಫಾ ಸಂಸ್ಥೆಯವರು ಈ ಎರಡನ್ನೂ ಲೆಕ್ಕಕ್ಕೆ ಹಿಡಿಯದೆ, ಸ್ತ್ರೀಯರಿಗೆ ತಮ್ಮ ಮೊದಲನೆಯ ವಿಶ್ವಸ್ಪರ್ಧೆಯನ್ನು ಏರ್ಪಡಿಸಿದ್ದು 1991ರಲ್ಲಿ. ಆ 1971ರಲ್ಲಿಯೇ ಸ್ತ್ರೀಯರ ಕೊಪ್ಪಾ ಇಟಾಲಿಯಾ ಪ್ರಾರಂಭವಾಯಿತು. ಅದಕ್ಕೆ ಈಗ ಅರ್ಧ ಶತಮಾನ ಮೀರಿದೆ. ಹೀಗಿರುವಾಗ ಪರಂಪರೆಯಿಲ್ಲವೆಂಬ ಮಾತು ಅಜ್ಞಾನದಿಂದ ಬಂದಿದ್ದರೆ ಕ್ಷಮ್ಯ. ತಿಳಿದೂ ಆಡಿದ್ದಾದರೆ ಅಲ್ಲ.

ಎರಡನೆಯ ಆಕ್ಷೇಪವು ಸ್ವಭಾವಕ್ಕೆ ಸಂಬಂಧಿಸಿದ್ದು. ಆಟದ ನಿಯಮಗಳೂ ಮಾತೂ ಕೀರ್ತಿಯೂ ಪುರುಷನನ್ನೇ ಉದ್ದೇಶಿಸಿ ಹುಟ್ಟಿದವು. ಆದ್ದರಿಂದ ಸ್ತ್ರೀಗೆ ಅದರಲ್ಲಿ ಅಧಿಕಾರವಿಲ್ಲವೆಂದು ವಾದಿಸುತ್ತಾರೆ. ಇಂಥ ವಾದವು ಹೊಸದಲ್ಲ. ಜೈಮಿನಿಯ ಮೀಮಾಂಸಾಸೂತ್ರಗಳ ಆರನೆಯ ಅಧ್ಯಾಯದಲ್ಲಿ ಇದು ಯಾಗದ ವಿಷಯವಾಗಿ ಚರ್ಚೆಗೆ ಬಂದಿದೆ. ವಿಧಿವಾಕ್ಯದಲ್ಲಿ ಫಲಾರ್ಥಿಯನ್ನು ಸೂಚಿಸುವ ಶಬ್ದವು ಪುಲ್ಲಿಂಗದಲ್ಲಿರುವುದರಿಂದ ಪುರುಷನೊಬ್ಬನೇ ಅಧಿಕಾರಿಯೆಂದು ಐತಿಶಾಯನನೆಂಬ ಆಚಾರ್ಯನು ಪೂರ್ವಪಕ್ಷವನ್ನೆತ್ತುತ್ತಾನೆ. ಶಬ್ದವು ಜಾತಿಯನ್ನು ಹೇಳುವುದೇ ಹೊರತು ಲಿಂಗವು ವಿವಕ್ಷಿತವಲ್ಲ. ಫಲದ ಬಯಕೆಯು ಇಬ್ಬರಲ್ಲಿಯೂ ಸಮಾನವಾದ್ದರಿಂದ ಸ್ತ್ರೀಗೂ ಅಧಿಕಾರವುಂಟೆಂದು ಬಾದರಾಯಣನ ಮತವನ್ನು ಹಿಡಿದು ಸಿದ್ಧಾಂತವಾಗುತ್ತದೆ. ದಂಪತಿಗಳು ಕೂಡಿಯೇ ಕರ್ಮವನ್ನಾಚರಿಸಬೇಕೆಂಬ ನಿಯಮವು ಮುಂದೆ ಬರುವುದು ನಿಜ. ಅದು ಯಾಗದ ವ್ಯವಸ್ಥೆ, ಬೇರೆ ಮಾತು. ಇಲ್ಲಿ ಗ್ರಹಿಸತಕ್ಕದ್ದು ಇಷ್ಟೇ: ಅಧಿಕಾರವನ್ನು ನಿರ್ಣಯಿಸುವುದು ಅರ್ಥಿತ್ವವೂ ಸಾಮರ್ಥ್ಯವೂ, ವ್ಯಾಕರಣದ ಪ್ರತ್ಯಯವಲ್ಲ. ಯಾಗದಲ್ಲಿಯೇ ನಿಲ್ಲದ ವಾದವು ಚೆಂಡಿನಾಟದಲ್ಲಿ ನಿಲ್ಲುವುದೆ?

ಸಾಮರ್ಥ್ಯಕ್ಕೆ ಪ್ರಮಾಣ ಬೇಕೆನ್ನುವವರು ಕರೋಲಿನಾ ಮೊರಾಚೆಯನ್ನು ನೆನೆಯಲಿ. 1990ನೆಯ ಇಸವಿ ಆಗಸ್ಟಿನಲ್ಲಿ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ, ಪುರುಷರ ಪಂದ್ಯವೊಂದಕ್ಕೆ ಮುಂಚೆ ಕಾಲಕ್ಷೇಪಕ್ಕೆಂದು ಇಟ್ಟಿದ್ದ ಆಟದಲ್ಲಿ, ಇಟಲಿಯು ಇಂಗ್ಲೆಂಡನ್ನು ನಾಲ್ಕಕ್ಕೆ ಒಂದರಂತೆ ಸೋಲಿಸಿತು. ನಾಲ್ಕು ಗೋಲುಗಳೂ ಆಕೆಯವೇ. ಮರುವರ್ಷದ ವಿಶ್ವಸ್ಪರ್ಧೆಯಲ್ಲಿ ಒಂದೇ ಪಂದ್ಯದಲ್ಲಿ ಮೂರು ಗೋಲು ಹೊಡೆದವರಲ್ಲಿ ಆಕೆಯೇ ಮೊದಲಿಗಳು. ಅಂಥವಳು 1999ರಲ್ಲಿ ಪುರುಷರ ವೃತ್ತಿಪರ ತಂಡವೊಂದಕ್ಕೆ ಶಿಕ್ಷಕಿಯಾದಾಗ ಎರಡೇ ಪಂದ್ಯಗಳ ತರುವಾಯ ಕೆಲಸವನ್ನು ಬಿಟ್ಟಳು. ಆಟಗಾರ್ತಿಯ ಸಾಮರ್ಥ್ಯವನ್ನು ಮೈದಾನವು ಒಪ್ಪಿಯಾಗಿತ್ತು. ಒಪ್ಪದೆ ಉಳಿದದ್ದು ಮೈದಾನದ ಹೊರಗಿನ ಕುರ್ಚಿಗಳು.

ಇನ್ನು ಮೂರನೆಯದು, ದ್ರವ್ಯದ ಮಾತು. ಮೀಮಾಂಸೆಯ ಅದೇ ಪ್ರಕರಣದಲ್ಲಿ ಪೂರ್ವಪಕ್ಷಿಯು ಮತ್ತೊಂದು ಬಾಣವನ್ನು ಬಿಡುತ್ತಾನೆ: ಸ್ತ್ರೀಗೆ ಸ್ವಂತ ದ್ರವ್ಯವಿಲ್ಲ, ದ್ರವ್ಯವಿಲ್ಲದವಳು ಯಾಗವನ್ನು ಹೇಗೆ ಮಾಡುವಳು? ಸಿದ್ಧಾಂತಿಯು ಇದನ್ನೂ ಒಪ್ಪುವುದಿಲ್ಲ. ಫಲದಲ್ಲಿ ಉತ್ಸಾಹವುಳ್ಳವಳಿಗೆ ಧನದ ಸಂಬಂಧವೂ ಉಂಟೆಂದು ಸಾಧಿಸುತ್ತಾನೆ. ಇಟಲಿಯಲ್ಲಿ ಈ ಪೂರ್ವಪಕ್ಷವು ಸೂತ್ರಗ್ರಂಥದಲ್ಲಿರದೆ ಆಡಳಿತದಲ್ಲಿ ನಾಲ್ವತ್ತು ವರ್ಷ ಆಳಿತು. 1981ರ 91ನೆಯ ಕಾನೂನು ಕ್ರೀಡಾವೃತ್ತಿಯ ಹಕ್ಕುಗಳನ್ನು ಗೊತ್ತುಮಾಡಿತು. ಆದರೆ ಯಾರು ವೃತ್ತಿಪರರು, ಯಾರು ಹವ್ಯಾಸಿಗಳು ಎಂಬ ನಿರ್ಣಯವನ್ನು ಆಯಾ ಆಟದ ಮಹಾಮಂಡಲಕ್ಕೆ ಬಿಟ್ಟಿತು. 1986ರಲ್ಲಿ ಸ್ತ್ರೀಯರ ಆಟವು ಪುರುಷರ ಮಹಾಮಂಡಲದಲ್ಲಿ ವಿಲೀನವಾದರೂ ಹವ್ಯಾಸಿಗಳ ಪಂಕ್ತಿಯಲ್ಲಿಯೇ ಕುಳಿತಿತು. ರಾಷ್ಟ್ರದ ಅಂಗಿಯನ್ನು ತೊಟ್ಟು ಎರಡು ನೂರಕ್ಕೂ ಮೇಲ್ಪಟ್ಟು ಪಂದ್ಯಗಳನ್ನಾಡಿದ ಪತ್ರೀಜಿಯಾ ಪಾನಿಕೊ ಕೂಡ ಕಾನೂನಿನ ಕಣ್ಣಿಗೆ ಬಿಡುವಿನ ವೇಳೆಯಲ್ಲಿ ಆಡುವವಳು! ಹವ್ಯಾಸಿಗೆ ವರ್ಷಕ್ಕೆ ಕೊಡಬಹುದಾದ ಹಣಕ್ಕೆ 30,658 ಯೂರೋಗಳ ಮಿತಿಯಿತ್ತು. ಬಹುಮಂದಿಗೆ ಆ ಮಿತಿಯ ಸಮೀಪಕ್ಕೂ ಬರುವ ಹಣವಿರಲಿಲ್ಲ. ಕೂಲಿಯ ಒಡಂಬಡಿಕೆಯಿಲ್ಲ, ವೃದ್ಧಾಪ್ಯಕ್ಕೆ ವಂತಿಗೆಯಿಲ್ಲ. ಹಗಲೆಲ್ಲ ಬೇರೆ ದುಡಿಮೆ, ಸಂಜೆ ದೀಪದ ಬೆಳಕಿನಲ್ಲಿ ಅಭ್ಯಾಸ, ಭಾನುವಾರ ಪಂದ್ಯ: ಹೀಗೆ ಎರಡು ಪೀಳಿಗೆಗಳು ಸಂದುಹೋದವು. ಕೈಕಟ್ಟಿ ಹಾಕಿದವರೇ ಇವಳಿಗೆ ಸಂಪಾದಿಸಲು ಬಾರದೆಂದು ತೀರ್ಪು ಕೊಟ್ಟರೆ ಅದನ್ನು ಏನೆನ್ನಬೇಕು?

2015ರಲ್ಲಿ ಈ ಮನೋಭಾವವು ಬಯಲಿಗೆ ಬಂದಿತು. ಹವ್ಯಾಸಿ ಕೂಟದ ಸಭೆಯೊಂದರ ನಡವಳಿಯಲ್ಲಿ, ಈ ಹೆಂಗಸರಿಗೆ ಹಣ ಕೊಡುವ ಮಾತು ಇನ್ನು ಸಾಕೆಂಬ ಅರ್ಥದ ನುಡಿಯು, ಬಾಯಿಂದ ಬಾರದ ಹೀನವಿಶೇಷಣದೊಡನೆ, ಕೂಟದ ಅಧ್ಯಕ್ಷರ ಹೆಸರಿನಲ್ಲಿ ದಾಖಲಾಗಿ ಪ್ರಕಟವಾಯಿತು. ಅವರು ಅಲ್ಲಗಳೆದರು, ಆದರೂ ಪದವಿ ಉಳಿಯಲಿಲ್ಲ. ಆಟಗಾರ್ತಿಯರು ಪಾರಿತೋಷಕದ ಅಂತಿಮ ಪಂದ್ಯವನ್ನೇ ಆಡುವುದಿಲ್ಲವೆಂಬ ಮುಷ್ಕರದ ಮಾತೆತ್ತಿದರು. ವರ್ಷವೆಲ್ಲ ಬೆವರು ಸುರಿಸಿ ಪಡೆದ ಅಂತಿಮ ಪಂದ್ಯವನ್ನು ಮಾನಕ್ಕಾಗಿ ಬಿಡಲು ಸಿದ್ಧರಾದವರನ್ನು ಹವ್ಯಾಸಿಗಳೆನ್ನುವುದು ಆ ಶಬ್ದಕ್ಕೇ ಅನ್ಯಾಯ. ಜನರು ನೋಡುವುದಿಲ್ಲ, ಆದ್ದರಿಂದ ಹಣವಿಲ್ಲವೆಂದೂ ಹೇಳುತ್ತಿದ್ದರು. ನಾಲ್ಕೇ ವರ್ಷಗಳಲ್ಲಿ, 2019ರ ಮಾರ್ಚಿನಲ್ಲಿ, ಟ್ಯೂರಿನ್ನಿನಲ್ಲಿ ಜುವೆಂಟಸ್ ಮತ್ತು ಫಿಯೊರೆಂತೀನಾ ಸ್ತ್ರೀಯರ ಪಂದ್ಯಕ್ಕೆ ಸುಮಾರು 39,000 ಜನರು ಬಂದರು. ಪ್ರವೇಶವು ಉಚಿತವಾಗಿತ್ತೆಂದು ಮೂಗು ಮುರಿಯುವವರುಂಟು. ಕಾಲಿಗೆ ನಡೆಯುವ ಶ್ರಮವು ಉಚಿತವಲ್ಲವಷ್ಟೆ. ಅದೇ ಜೂನ್ ತಿಂಗಳಿನಲ್ಲಿ, ಇಪ್ಪತ್ತು ವರ್ಷಗಳ ಮೇಲೆ ವಿಶ್ವಸ್ಪರ್ಧೆಗೆ ಹೋದ ಇಟಲಿಯ ಸ್ತ್ರೀಯರು ಬ್ರಜಿಲ್ ದೇಶದವರೊಡನೆ ಆಡಿದ ಪಂದ್ಯವನ್ನು ಅರುವತ್ತು ಲಕ್ಷಕ್ಕೂ ಮೇಲ್ಪಟ್ಟು ಜನರು ಮನೆಯಲ್ಲಿ ಕುಳಿತು ದೂರದರ್ಶನದಲ್ಲಿ ನೋಡಿದರು. ತೋರಿಸದಿದ್ದಾಗ ನೋಡಲಿಲ್ಲ, ತೋರಿಸಿದಾಗ ನೋಡಿದರು. ಇದರಲ್ಲಿ ರಹಸ್ಯವೇನೂ ಇಲ್ಲ.

ಈ ಮೂರು ಆಕ್ಷೇಪಗಳು ಒರಟಾದವು. ಅವುಗಳ ಕಾಲವು ಮುಗಿಯುತ್ತ ಬಂದಿದೆ. ನಾಲ್ಕನೆಯದು ಸವಿಯಾದದ್ದು, ಆದ್ದರಿಂದಲೇ ಹೆಚ್ಚು ಅಪಾಯಕರ. ದೊಡ್ಡ ಸಂಘಗಳು ಬಂದವು, ಹಣ ತಂದವು, ಮೈದಾನ ಕೊಟ್ಟವು, 2022ನೆಯ ಇಸವಿ ಜುಲೈ 1ರಿಂದ ಪ್ರಥಮಶ್ರೇಣಿಯ ಆಟಗಾರ್ತಿಯರು ವೃತ್ತಿಪರರಾದರು. ಆದ್ದರಿಂದ ಸ್ತ್ರೀಯರು ಕೃತಜ್ಞರಾಗಿರಬೇಕು ಎಂಬುದು ಅದರ ಸಾರಾಂಶ. ಹಣ ಬಂದುದೂ, ವೈದ್ಯರೂ ಶಿಕ್ಷಕರೂ ಸಂಬಳವೂ ದೊರೆತುದೂ ನಿಜ. ಅದನ್ನು ಅಲ್ಲಗಳೆಯುವುದು ಸಲ್ಲದು. ಆದರೆ ಔದಾರ್ಯವು ತಾನಾಗಿ ಉಕ್ಕಿ ಬರಲಿಲ್ಲ. ಪುರುಷರ ದೊಡ್ಡ ಸಂಘಗಳು ಎಳೆಯ ಹುಡುಗಿಯರನ್ನೂ ಸೇರಿಸಿಕೊಂಡು ಕಲಿಸತಕ್ಕದ್ದೆಂದು ಮಹಾಮಂಡಲವು 2015ರಲ್ಲಿ ನಿಯಮ ಮಾಡಿತು. ನಿಯಮದ ಕೋಲಿನಿಂದ ಎಬ್ಬಿಸಿದ ಮೇಲೆ ಎದ್ದವರ ಔದಾರ್ಯವನ್ನು ಅಳೆದು ಹೊಗಳುವುದೇ ಲೇಸು.

ಬಂದವರು ಬರಿಯ ನೆಲಕ್ಕೂ ಬರಲಿಲ್ಲ. ಇಟಲಿಯ ಕಾಲ್ಚೆಂಡಿನ ಜೀವಾಳವು ಯಾವುದೆಂದು ಅಲ್ಲಿಯವರನ್ನು ಕೇಳಿದರೆ, 'ಕಾಂಪನಿಲಿಸ್ಮೊ' ಎನ್ನುವರು. ಕಾಂಪನೀಲೆ ಎಂದರೆ ಚರ್ಚಿನ ಗಂಟೆಗೋಪುರ. ತನ್ನ ಊರಿನ ಗೋಪುರದ ನೆರಳೇ ಜಗತ್ತಿನಲ್ಲಿ ಮೇಲೆಂಬ ಅಭಿಮಾನಕ್ಕೆ ಆ ಹೆಸರು. ಸೋಮವಾರ ಬೆಳಗ್ಗೆ ಕಾಫಿಯಂಗಡಿಯಲ್ಲಿ ಗುಲಾಬಿ ಬಣ್ಣದ ಕ್ರೀಡಾಪತ್ರಿಕೆಯನ್ನು ಹರಡಿಕೊಂಡು ಜಗಳಾಡುವವರು ಜಗಳಾಡುವುದು ಈ ನೆರಳಿಗಾಗಿಯೇ. ಹಾಗಾದರೆ ಆ ಸಂಸ್ಕೃತಿಯನ್ನು ಅತ್ಯಂತ ಶುದ್ಧವಾಗಿ ಕಾಪಾಡಿಕೊಂಡು ಬಂದುದು ಯಾವ ಸ್ಪರ್ಧೆ? ಸ್ತ್ರೀಯರ ಕೊಪ್ಪಾ ಇಟಾಲಿಯಾ. ಅದನ್ನು ಎಲ್ಲರಿಗಿಂತ ಹೆಚ್ಚಾಗಿ, ಎಂಟು ಸಲ ಗೆದ್ದದ್ದು ಟ್ಯೂರಿನ್ನೂ ಅಲ್ಲ, ಮಿಲಾನೂ ಅಲ್ಲ. ಸಾರ್ಡೀನಿಯಾ ದ್ವೀಪದ ಸಸ್ಸಾರಿ ಪಟ್ಟಣದ ತೊರ್ರೆಸ್ ಸಂಘ. ಗಾರ್ದಾ ಸರೋವರದ ದಡದ ಬಾರ್ದೊಲೀನೊ ಎಂಬ ಪುಟ್ಟ ಊರು ಅದನ್ನು ಒಂದಕ್ಕಿಂತ ಹೆಚ್ಚು ಸಲ ಗೆದ್ದಿತು. ಊದಿನೆ ನಗರದ ಪಕ್ಕದ ತವಾಞ್ಞಾಕ್ಕೊ ಎಂಬ ಊರು 2013ರಲ್ಲಿಯೂ 2014ರಲ್ಲಿಯೂ ಗೆದ್ದಿತು. 2015 ಮತ್ತು 2016ರಲ್ಲಿ ಬ್ರೆಷಾ ಗೆದ್ದಿತು. ನೋಡುವವರಿಲ್ಲದ, ಬರೆಯುವವರಿಲ್ಲದ ಆ ಒಣವರ್ಷಗಳಲ್ಲಿ ಪಾರಿತೋಷಕವನ್ನು ಖಾಲಿಯಾಗದಂತೆ ತುಂಬಿಟ್ಟವರು ಇವರು.

ಮುಂದೆ ನಡೆದುದೇನು? ಇಟಲಿಯ ನಿಯಮದಲ್ಲಿ 'ಕ್ರೀಡಾಹಕ್ಕು' ಎಂಬುದೊಂದಿದೆ. ಯಾವ ಶ್ರೇಣಿಯಲ್ಲಿ ಆಡುವ ಯೋಗ್ಯತೆಯನ್ನು ಸಂಘವು ಸಂಪಾದಿಸಿತೋ ಆ ಶ್ರೇಣಿಯ ಸ್ಥಾನ. ಅದನ್ನು ಮತ್ತೊಂದು ಸಂಘಕ್ಕೆ ವಹಿಸಿಕೊಡಬಹುದಾಗಿತ್ತು. 2017ರಲ್ಲಿ ಕೂನಿಯೊ ಊರಿನ ಸ್ತ್ರೀಯರ ಸ್ಥಾನವನ್ನು ಪಡೆದು ಜುವೆಂಟಸ್ ಒಂದೇ ಹೆಜ್ಜೆಗೆ ಪ್ರಥಮಶ್ರೇಣಿಯಲ್ಲಿ ನಿಂತಿತು. 2018ರ ಮೇ ತಿಂಗಳಿನಲ್ಲಿ ಬ್ರೆಷಾದ ಸ್ತ್ರೀಯರು ರಾಷ್ಟ್ರದ ಪ್ರಶಸ್ತಿಗಾಗಿ ಅದೇ ಜುವೆಂಟಸಿನೊಡನೆ ನೊವಾರಾದಲ್ಲಿ ಕಡೆಯ ಕ್ಷಣದವರೆಗೂ ಹೋರಾಡಿ ಪೆನಾಲ್ಟಿ ಒದೆತಗಳಲ್ಲಿ ಮಾತ್ರ ಸೋತರು. ಮರುತಿಂಗಳೇ ಬ್ರೆಷಾದ ಸ್ಥಾನವು ಮಿಲಾನ್ ಸಂಘದ ವಶವಾಯಿತು. ಎರಡು ಸಲ ರಾಷ್ಟ್ರವಿಜೇತರಾದ ಸಂಘವು ತಳದಿಂದ ಮತ್ತೆ ಹತ್ತಬೇಕಾಯಿತು. ಅದೇ ವರ್ಷ ರೋಮಾ ಸಂಘವೂ ರೋಮ್ ನಗರದ ಒಂದು ಸ್ವತಂತ್ರ ಸ್ತ್ರೀಸಂಘದ ಸ್ಥಾನದ ಮೂಲಕವೇ ಒಳಬಂದಿತು. 2017ರಿಂದ 2025ರವರೆಗೆ ಪಾರಿತೋಷಕವು ಫಿಯೊರೆಂತೀನಾ, ಜುವೆಂಟಸ್, ರೋಮಾ ಈ ಮೂವರ ಕೈಬಿಟ್ಟು ಹೋಗಲಿಲ್ಲ.

ಕೊಂಡದ್ದು ಕಾನೂನಿಗೆ ಸರಿ. ಮಾರಿದವರೂ ಇಷ್ಟಪಟ್ಟು ಮಾರಿರಬಹುದು, ದಿಕ್ಕಿಲ್ಲದೆಯೂ ಮಾರಿರಬಹುದು. ಆದರೆ ಕೊಂಡ ತೋಟದ ಹಣ್ಣನ್ನು ತಿನ್ನುತ್ತ ತಾನೇ ಸಸಿ ನೆಟ್ಟೆನೆಂದು ಹೇಳಿಕೊಳ್ಳುವುದು ಕೊಳ್ಳುವಿಕೆಯಲ್ಲಿ ಸೇರಿಲ್ಲ. ಹಣ್ಣುಗಳ ಹೆಸರನ್ನೇ ನೋಡಬಹುದು. ರಾಷ್ಟ್ರತಂಡದ ನಾಯಕಿಯಾಗಿದ್ದ ಸಾರಾ ಗಾಮಾ ತವಾಞ್ಞಾಕ್ಕೊದಲ್ಲಿಯೂ ಬ್ರೆಷಾದಲ್ಲಿಯೂ ಆಡಿ ಬೆಳೆದವಳು. ಬಾರ್ಬರಾ ಬೊನಾನ್ಸೆಯಾ ಜುವೆಂಟಸಿಗೆ ಬರುವ ಮುನ್ನ ಬ್ರೆಷಾದಲ್ಲಿದ್ದಳು. 2023ರಲ್ಲಿ ಸಲೆರ್ನೊದಲ್ಲಿ ನಡೆದ ಪಾರಿತೋಷಕದ ಅಂತಿಮ ಪಂದ್ಯದ ಏಕೈಕ ಗೋಲು ಆಕೆಯದು. ಕ್ರಿಸ್ತಿಯಾನಾ ಜಿರೆಲ್ಲಿ ಬಾರ್ದೊಲೀನೊದಲ್ಲಿ ಆಡಿ, ಬ್ರೆಷಾದಲ್ಲಿ ಪಕ್ವಳಾಗಿ, ಆಮೇಲೆ ಜುವೆಂಟಸಿಗೆ ಬಂದವಳು. 2025ರ ಜುಲೈಯಲ್ಲಿ ಯುರೋಪಿನ ಸ್ಪರ್ಧೆಯಲ್ಲಿ, ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ, ನಾರ್ವೆ ದೇಶದ ಮೇಲೆ ಇಟಲಿಯ ಎರಡು ಗೋಲುಗಳನ್ನೂ ಹೊಡೆದು ರಾಷ್ಟ್ರವನ್ನು ಕಡೆಯ ನಾಲ್ವರಲ್ಲಿ ನಿಲ್ಲಿಸಿದಳು. ಇವರನ್ನು ಹುಡುಗಿಯರಾಗಿದ್ದಾಗ ಮೈದಾನಕ್ಕೆ ಕರೆದು ಚೆಂಡನ್ನು ಕೊಟ್ಟವರು ಯಾರು? ದೊಡ್ಡ ಸಂಘಗಳೆ? ಆಗ ಅವುಗಳಲ್ಲಿ ಸ್ತ್ರೀಯರಿಗೆ ಬಾಗಿಲೇ ಇರಲಿಲ್ಲ.

ಹಳೆಯ ಗೆಲವುಗಳು ದೊಡ್ಡವರಿಲ್ಲದಾಗ ಬಂದ ಗೆಲವುಗಳು, ಅವಕ್ಕೆ ಬೆಲೆಯೇನು ಎಂದು ಕೇಳುವವರಿಗೂ ಉತ್ತರವುಂಟು. ಪುರುಷರ ಕೊಪ್ಪಾ ಇಟಾಲಿಯಾ ಮೊದಲು ನಡೆದದ್ದು 1922ರಲ್ಲಿ. ಆ ವರ್ಷ ದೊಡ್ಡ ಸಂಘಗಳು ಮಹಾಮಂಡಲದೊಡನೆ ಜಗಳವಾಡಿ ಬೇರೆಯಾಗಿದ್ದವು. ಪಾರಿತೋಷಕವನ್ನು ಗೆದ್ದದ್ದು ಲಿಗೂರಿಯಾ ಸೀಮೆಯ ವಾದೊ ಎಂಬ ಸಣ್ಣ ಊರು. ಇಂದಿಗೂ ವಿಜೇತರ ಪಟ್ಟಿಯ ತಲೆಯಲ್ಲಿ ವಾದೊ ಎಂಬ ಹೆಸರಿದೆ. ಇಟಲಿಯವರು ಅದನ್ನು ಪ್ರೀತಿಯಿಂದಲೇ ಹೇಳುತ್ತಾರೆ. ಪುರುಷರಲ್ಲಿ ಸಣ್ಣ ಊರಿನ ಗೆಲವು ಸಂಸ್ಕೃತಿಯ ಸೊಬಗು, ಸ್ತ್ರೀಯರಲ್ಲಿ ಅದೇ ಗೆಲವು ಆಟದ ಬಡತನ! ಒಂದೇ ತಕ್ಕಡಿಗೆ ಎರಡು ಕಲ್ಲುಗಳನ್ನಿಟ್ಟು ತೂಗುವ ವರ್ತಕನನ್ನು ಊರಿನವರು ಸಂತೆಯಿಂದ ಓಡಿಸುತ್ತಾರೆ.

ಆದ್ದರಿಂದ ನಿರ್ಣಯವಿದು. ದಾನವೆಂದರೆ ತನ್ನದನ್ನು ಕೊಡುವುದು. ಕೊಟ್ಟವನಿಗೆ ಪುಣ್ಯ, ಪಡೆದವನಿಗೆ ಕೃತಜ್ಞತೆಯ ಭಾರ. ಋಣವೆಂದರೆ ಪಡೆದದ್ದನ್ನು ಹಿಂದಿರುಗಿಸುವುದು. ತೀರಿಸಿದವನಿಗೆ ಬಿಡುಗಡೆ, ಪಡೆದವನಿಗೆ ಯಾವ ಭಾರವೂ ಇಲ್ಲ. 1933ರಲ್ಲಿ ಬಾಯಿ ಮುಚ್ಚಿಸಿದ್ದಕ್ಕೆ, 1968ರಿಂದ ತಮ್ಮ ಖರ್ಚಿನಲ್ಲಿಯೇ ಆಡಿಸಿದ್ದಕ್ಕೆ, ನಾಲ್ವತ್ತು ವರ್ಷ ಹವ್ಯಾಸಿಗಳೆಂದು ಕರೆದುದಕ್ಕೆ, 2022ರ ವೃತ್ತಿಪದವಿಯು ಒಂದು ಕಂತಿನ ಸಂದಾಯ. ದಾನವೆಂದು ತಿಳಿದರೆ ಕೊಟ್ಟವರು ಬೇಸರವಾದಾಗ ನಿಲ್ಲಿಸಬಹುದು. ಋಣವೆಂದು ತಿಳಿದರೆ ನಿಲ್ಲಿಸುವ ಅಧಿಕಾರವಿಲ್ಲ. ಹೆಸರಿನ ಈ ಭೇದದಲ್ಲಿಯೇ ಮುಂದಿನ ಹುಡುಗಿಯರ ಭವಿಷ್ಯವು ಅಡಗಿದೆ. ಬರಿಯ ಶಬ್ದಜಗಳವಲ್ಲ ಇದು.

ಉಳಿದ ಕಂತುಗಳೂ ಕಠಿನವಲ್ಲ. ಸಣ್ಣ ಊರಿನ ಸ್ಥಾನವನ್ನು ಪಡೆದ ದೊಡ್ಡ ಸಂಘವು ಆ ಊರಿನ ಹುಡುಗಿಯರ ಆಟವನ್ನು ನಡೆಸಲು ಪ್ರತಿವರ್ಷವೂ ಪಾಲು ಕೊಡಲಿ. ಪಾರಿತೋಷಕವನ್ನು ಎತ್ತುವ ದಿನ ಹಳೆಯ ವಿಜೇತರ ಹೆಸರುಗಳನ್ನು ಮೊದಲಿನಿಂದ ಓದಿ ಹೇಳಲಿ. ಒಂದು ವರ್ಷವಾದರೂ ಅಂತಿಮ ಪಂದ್ಯವು ಸಸ್ಸಾರಿಯಲ್ಲಿ ನಡೆಯಲಿ. ಎಂಟು ಸಲ ಗೆದ್ದವರ ಊರಿಗೆ ಪಾರಿತೋಷಕವು ಒಂಬತ್ತನೆಯ ಸಲ ಅತಿಥಿಯಾಗಿಯಾದರೂ ಹೋಗಲಿ. ಅಂದು ಅಲ್ಲಿಯ ಗಂಟೆಗೋಪುರದ ನೆರಳಿನಲ್ಲಿ ಕುಳಿತ ಮುದುಕಿಯೊಬ್ಬಳು ತನ್ನ ಮೊಮ್ಮಗಳಿಗೆ, ಇದನ್ನು ಯಾರೋ ನಮಗೆ ಕೊಟ್ಟರೆಂದಲ್ಲ, ಇದು ನಮ್ಮಲ್ಲಿಯೇ ಇತ್ತೆಂದು ಹೇಳುವಂತಾದರೆ ಲೆಕ್ಕವು ಸರಿಯಾಯಿತೆಂದು ಬರೆದುಕೊಳ್ಳಬಹುದು.